ಖೋ ಅಂದ ಮೇಲೆ ಕೂರಬಾರದು

ಜುಲೈ 7, ಸೋಮವಾರ

ಕೂಸು ಎದ್ದದ್ದು: ಹನ್ನೊಂದೂ ಹತ್ತು, ಹನ್ನೆರಡೂ ಮುಕ್ಕಾಲು, ಎರಡು, ಮೂರೂವರೆ, ಐದು. ನಡುನಡುವೆ ಅದು ಮಲಗಿದ್ದಾಗ ನಾನು ಎದ್ದದ್ದು ಬೇರೆ. ಮೂಗಿನ ಕೆಳಗೆ ಬೆರಳಿಡುವುದು, ಉಸಿರು ತಾಗಿದ ಮೇಲೆ ಮಲಗುವುದು, ತಾಗಿದ್ದು ನಿಜವೋ ನನಗೇ ಹಾಗನ್ನಿಸಿತೋ ಅಂತ ಮತ್ತೆ ಏಳುವುದು. ತಂಬ್ರಹಳ್ಳಿಯಲ್ಲಿ ಅವ್ವನ ಹತ್ತಿರ ಇರುವ ತನಕ ಇಷ್ಟಿರಲಿಲ್ಲ. ಬಾಣಂತನ ಮುಗಿಸಿ ಕೂಡ್ಲಿಗಿಗೆ ಬಂದು ಎರಡು ತಿಂಗಳು. ಕೂಸಿಗೆ ಈಗ ಏಳು. ಅತ್ತೆ ಎತ್ತಿಕೊಳ್ಳಲು ಕೈ ಚಾಚಿದರೆ ಕೊಡುತ್ತೇನೆ, ಕೊಟ್ಟು ಅಲ್ಲೇ ನಿಂತಿರುತ್ತೇನೆ.

ಮಧ್ಯಾಹ್ನ ಇವರು ಊಟಕ್ಕೆ ಬಂದು ಹೇಳಿದ್ದು ಕೇಳಿ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

"ಹೆಣ್ಣುಮಕ್ಕಳ ಹೈಸ್ಕೂಲಿಗೆ ಬಾಸ್ಕೆಟ್‌ಬಾಲ್ ರಿಂಗ್ ಬೆಸಿಯಾಕ ಹೋಗಿದ್ದೆ. ಹೆಡ್ ಮೇಡಂ ಅಂದ್ರು, ರಿಂಗ್ ಹಾಕಿ ಏನ್ ಮಾಡೂದು ಗುರುಶಾಂತ, ಕಲಿಸೋರ ಇಲ್ಲ. ನಾ ಅಂದೆ, ನಮ್ಮನ್ಯಾಗ ಅದಾಳಲ್ರಿ, ದಾವಣಗೆರಿ ಕಾಲೇಜಿನ್ಯಾಗ ಆಡ್ಯಾಳ."

"ಎಷ್ಟು ಆಡೀನಿ ಅಂತ ಹೇಳಿದ್ರೇನು?"

"ಎಷ್ಟು ಆಡಿ?"

"ಎರಡು ವರ್ಷದಾಗ ಮೂರು ನಿಮಿಷ."

"ಉಳಿದ ಟೈಮು?"

"ಬೆಂಚಿನ ಮ್ಯಾಲೆ ಕುಂತು ನೋಡೀನಿ."

"ನೋಡಿಯಲ್ಲ, ಮತ್ತ! ಕೋಚ್ ಅಂದ್ರ ಕುಂತು ನೋಡೋರ ತಾನ?"

ವೆಲ್ಡಿಂಗ್ ಅಂಗಡಿ ಇಟ್ಟವರಿಗೆ ಎಲ್ಲವನ್ನೂ ಬೆಸೆದುಬಿಡಬಹುದು ಅನ್ನಿಸುತ್ತದೇನೋ. ನಾನು ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅಂತ ಸಂಜೆಯಿಂದ ಯೋಚಿಸುತ್ತಿದ್ದೇನೆ.

ಜುಲೈ 9, ಬುಧವಾರ

ಹನ್ನೊಂದು ಹುಡುಗಿಯರು. ಎಂಟು, ಒಂಬತ್ತನೇ ಕ್ಲಾಸು. ಡ್ರಿಲ್ ಮಾಸ್ತರು ಭೀಮೇಶ್ ಸರ್ ಅವರ ಖೋ ಖೋ ತಂಡಕ್ಕೆ ಅಂತ ಪ್ರೈಮರಿಯಿಂದಲೇ ತಯಾರಾಗಿ, ಕೊನೆಗೆ ಆಯ್ಕೆಯಾಗದೆ ಉಳಿದವರು. ಹೆಡ್ ಮೇಡಂ ಸುಮಂಗಲಾ ಅವರು ಸುತ್ತಿ ಬಳಸಿ ಮಾತಾಡುವವರಲ್ಲ.

"ನೋಡ್ರಿ ಅಮೃತಾ, ಆಗಸ್ಟ್ ಇಪ್ಪತ್ತಕ್ಕ ಹಡಗಲ್ಯಾಗ ಪಂದ್ಯ ಐತಿ. ಹೋದ ವರ್ಷ ನಮ್ಮ ಹುಡುಗ್ಯಾರು ಬಾಲ್ ಬಗಲಾಗ ಹಿಡ್ಕೊಂಡು ಓಡಿ, ಮಂದಿ ಎಲ್ಲಾ ನಕ್ರು. ಈ ಸಲ ಒಂದ್ ಪಂದ್ಯ ಗೆದ್ದು ಬರ್ರಿ. ಇಲ್ಲಂದ್ರ ಬಾಸ್ಕೆಟ್‌ಬಾಲೂ ಬ್ಯಾಡ, ಏನೂ ಬ್ಯಾಡ, ಇವ್ರನ್ನ ಥ್ರೋಬಾಲಿಗೆ ಹಾಕಿಬಿಡ್ತೀನಿ."

ದಿನಾ ಸಂಜೆ ನಾಲ್ಕೂವರೆಯಿಂದ ಐದೂವರೆ. ಒಂದು ತಾಸು.

ಆಟ ಆಡಿ ತೋರಿಸ್ರಿ, ನಿಮಗೆ ಬಂದಂಗೆ, ಅಂದೆ. ಭಾಗ್ಯ ಅಂತ ಒಬ್ಬಳು, ಅಗಲ ಭುಜದ, ನಾಚಿಕೆಯ ಹುಡುಗಿ. ಚೆಂಡು ಪುಟಿಸುತ್ತಾ ಹೋದಳು. ಚೆನ್ನಾಗೇ ಪುಟಿಸಿದಳು. ಇನ್ನು ಎಸೆಯುತ್ತಾಳೆ ಅಂದುಕೊಂಡರೆ ಎಸೆಯಲಿಲ್ಲ. ಗೆಳತಿ ನಿಂತಲ್ಲಿ ತನಕ ಓಡಿ, ಚೆಂಡನ್ನು ಅವಳ ಕೈಯಲ್ಲಿಟ್ಟು, "ಖೋ!" ಅಂತ ಕೂಗಿ, ಅವಳು ನಿಂತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟಳು!

ಆ ಗೆಳತಿ ಭೂಮಿಕಾ, ಸಣ್ಣಗಿನ ಚುರುಕು ಹುಡುಗಿ, ಚೆಂಡು ತಗೊಂಡು ಬಾಣದ ಹಾಗೆ ಓಡಿದಳು. ಹೋಗಿ ಮತ್ತೊಬ್ಬಳಿಗೆ ಖೋ ಕೊಟ್ಟು ತಾನೂ ಕೂತಳು. ಹೀಗೆ ಒಬ್ಬೊಬ್ಬರಾಗಿ ಅಂಗಳದ ತುಂಬ ಕೂತರು. ಚೆಂಡು ಹಿಡಿದವಳೊಬ್ಬಳೇ ನಿಂತಿದ್ದಳು.

"ಯಾಕ ಕುಂತಿ?" ಅಂತ ಭಾಗ್ಯಳನ್ನು ಕೇಳಿದೆ.

"ಕೊಟ್ಟ ಮ್ಯಾಲೆ ಕುಂದ್ರಬೇಕಲ್ರಿ ಟೀಚರ್," ಅಂದಳು, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

ನಕ್ಕೆ. ಬಹಳ ದಿನದ ಮೇಲೆ ಹೊಟ್ಟೆ ನೋಯುವ ಹಾಗೆ ನಕ್ಕೆ. ಮನೆಗೆ ಓಡುತ್ತಾ ಬಂದೆ. ಕೂಸು ಅತ್ತೆಯ ತೊಡೆಯ ಮೇಲೆ ಆರಾಮಾಗಿತ್ತು. ಮೂಗಿನ ಕೆಳಗೆ ಬೆರಳಿಟ್ಟೆ. ಎಚ್ಚರವಿರುವ ಕೂಸಿಗೂ ಬೆರಳಿಡುವುದನ್ನು ಅತ್ತೆ ನೋಡಿದರು.

ಜುಲೈ 10, ಗುರುವಾರ

ಹತ್ತೂವರೆ, ಹನ್ನೆರಡು, ಒಂದೂವರೆ, ಎರಡೂ ಹತ್ತು, ನಾಲ್ಕು.

ಜುಲೈ 14, ಸೋಮವಾರ

ಎಸೆಯುವುದು ಕಲಿಸಿದೆ. ಎದೆಯಿಂದ ಎದೆಗೆ, ಎರಡು ಕೈಯಲ್ಲಿ. ಹಾಲು ಕುಡಿಸುವಾಗ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನನಗೆ ಬಾಯಿಪಾಠವಾಗಿದೆ. ಇವರಿಗೆ ಮಾತ್ರ ಬರುತ್ತಿಲ್ಲ. ಚೆಂಡು ಬಂತು ಅಂದರೆ ಕಣ್ಣು ಮುಚ್ಚುತ್ತಾರೆ. ಇವತ್ತು ಭಾಗ್ಯಳ ಮೂಗಿಗೆ ಬಡಿದು ರಕ್ತ ಬಂತು. ಅವಳು ಅಳಲಿಲ್ಲ.

ಭೀಮೇಶ್ ಸರ್ ಬೇವಿನ ಮರದ ಕೆಳಗಿಂದ ಎದ್ದು ಬಂದರು. "ಮೇಡಮ್ಮಾರ, ಇವು ಖೋ ಹುಡುಗ್ಯಾರು. ಇವ್ರ ಕೈಯಾಗ ಕೊಟ್ಟಿದ್ದು ಇಸ್ಕೊಂತಾರ, ಒಗದಿದ್ದು ಹಿಡಿಯಂಗಿಲ್ಲ. ನನಗ ಕೊಟ್ಟುಬಿಡ್ರಿ, ಥ್ರೋಬಾಲಿನ್ಯಾಗ ಹೆಂಗರ ಮಾಡಿ ತಿದ್ದತೀನಿ."

"ಥ್ರೋಬಾಲಿನ್ಯಾಗೂ ಹಿಡಿಯೂದು ಐತಲ್ರಿ ಸರ್."

"ಅದು ಖರೇನ," ಅಂತ ಯೋಚಿಸುತ್ತಾ ಹೋದರು.

ಕೂಸನ್ನು ಇವತ್ತು ಅಂಗಳಕ್ಕೇ ತಂದಿದ್ದೆ. ಶಾಲೆಯ ಆಯಾ ಎತ್ತಿಕೊಂಡಿದ್ದಳು. ಎರಡು ನಿಮಿಷಕ್ಕೊಮ್ಮೆ ತಿರುಗಿ ನೋಡಿದೆ. ಭಾಗ್ಯಳ ಮೂಗಿಗೆ ಚೆಂಡು ಬಡಿದದ್ದೂ ನಾನು ಆ ಕಡೆ ತಿರುಗಿದ್ದಾಗಲೇ.

ಈ ಒಂದು ತಾಸು ಹೋದರೆ ಏನು ಉಳಿಯುತ್ತದೆ? ಆ ಕೋಣೆ, ಆ ತೊಟ್ಟಿಲು, ಗೋಡೆ ಗಡಿಯಾರ. ಹೋಗಬಾರದು. ಒಂದು ಪಂದ್ಯ ಹೇಗಾದರೂ ಗೆಲ್ಲಬೇಕು.

ಜುಲೈ 19, ಶನಿವಾರ

ಇವತ್ತು ನನ್ನ ಹುಡುಗಿಯರಿಗೆ ರಜೆ ಕೊಟ್ಟು ಭೀಮೇಶ್ ಸರ್ ಅವರ ಖೋ ಖೋ ನೋಡುತ್ತಾ ಕೂತೆ. ಕೂಸು ಮನೆಯಲ್ಲಿ ಅತ್ತೆಯ ಹತ್ತಿರ. ಎಷ್ಟು ಸಲ ಈ ಆಟ ನೋಡಿಲ್ಲ! ಆದರೆ ಹೀಗೆ ನೋಡಿರಲಿಲ್ಲ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಇತ್ತ ಮುಖ, ಒಬ್ಬಳು ಅತ್ತ ಮುಖ. ಅಟ್ಟಿಸಿಕೊಂಡು ಓಡುವವಳು ಒಬ್ಬಳೇ. ಹಿಂದಕ್ಕೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಎದುರಾಳಿ ಆಚೆ ಬದಿಗೆ ತಪ್ಪಿಸಿಕೊಂಡರೆ ಆ ಕಡೆ ಮುಖ ಮಾಡಿದವಳ ಬೆನ್ನು ಮುಟ್ಟಿ ಖೋ ಅನ್ನಬೇಕು. ಅವಳು ಏಳುತ್ತಾಳೆ, ಇವಳು ಅಲ್ಲಿ ಕೂರುತ್ತಾಳೆ.

"ಕುಂದ್ರೂದು ಎದಕ್ರಿ ಸರ್?" ಅಂತ ಕೇಳಿದೆ.

"ಜಾಗಾ ಖಾಲಿ ಆಗಬಾರ್ದಲ್ರಿ. ಸಾಲಿನ್ಯಾಗ ಒಂದ್ ಜಾಗಾ ಖಾಲಿ ಬಿತ್ತಂದ್ರ ಆಟ ಸತ್ತಂಗ. ಕುಂತಾಕೀನೂ ಆಡಾಕತ್ತಿರ್ತಾಳ, ತಿಳ್ಕೊಳ್ರಿ."

ಕೂತವಳೂ ಆಡುತ್ತಿರುತ್ತಾಳೆ. ನಾನು ಎರಡು ವರ್ಷ ಬೆಂಚಿನ ಮೇಲೆ ಕೂತಾಗ ನನಗೆ ಯಾರೂ ಇದನ್ನು ಹೇಳಲಿಲ್ಲ.

ಭೂಮಿಕಾ ನನ್ನ ಪಕ್ಕ ಬಂದು ಕೂತಳು. ಅವಳ ಮನೆಯಲ್ಲಿ ಕುರಿ ಇವೆ, ರಜೆಯಲ್ಲಿ ಅಪ್ಪನ ಜೊತೆ ಅಡವಿಗೆ ಹೋಗುತ್ತಾಳೆ. ಹಿಂಡು ತಿರುಗಿಸಬೇಕಾದರೆ ಓಡುವುದಿಲ್ಲವಂತೆ. "ನಾವು ಹೋಗಿ ಅಡ್ಡ ನಿಂತ್ರ ಸಾಕ್ರಿ ಟೀಚರ್. ಕುರಿ ತಾವಾಗೇ ಸುತ್ತು ಹಾಕಿ ಹೊಕ್ಕಾವ." ಸುಮ್ಮನೆ ಹೇಳಿದಳು, ನಾನು ಕೇಳಿರಲಿಲ್ಲ. ಆಮೇಲಿಂದ ಅದೇ ತಲೆಯಲ್ಲಿದೆ.

ಮನೆಗೆ ಬಂದಾಗ ಐದೂ ಮುಕ್ಕಾಲು.

ಜುಲೈ 29, ಮಂಗಳವಾರ

ಪಂಚಮಿ. ಅಭ್ಯಾಸಕ್ಕೆ ಯಾರೂ ಬರಲಿಲ್ಲ, ಎಲ್ಲರೂ ಜೋಕಾಲಿಯಲ್ಲಿ. ಭಾಗ್ಯ ಡಬ್ಬಿಯಲ್ಲಿ ಶೇಂಗಾ ಉಂಡಿ ಮನೆಗೇ ತಂದುಕೊಟ್ಟಳು. ಕೂಸು ಅವಳ ಜಡೆ ಹಿಡಿದು ಬಿಡಲಿಲ್ಲ. ರಾತ್ರಿ ನಾಲ್ಕು ಸಲ ಎದ್ದಿತು, ಹೊತ್ತು ಬರೆದುಕೊಳ್ಳಲು ಮರೆತೆ.

ಆಗಸ್ಟ್ 2, ಶನಿವಾರ

ಬರೆಯಲೇಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಇವತ್ತು ಎಸೆಯುವುದನ್ನು ಬಿಟ್ಟೆ. "ಖೋ ಕೊಡ್ರಿ," ಅಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಖರೇನ ಹೇಳಾಕತ್ತೀನಿ. ಓಡಿ ಹೋಗಿ ಕೈಯಾಗ ಕೊಡ್ರಿ, ಖೋ ಅನ್ರಿ. ಆದ್ರ ಕುಂದ್ರಬ್ಯಾಡ್ರಿ. ಕೊಟ್ಟ ಜಾಗದಾಗ ನಿಂತ್ಕೊಳ್ರಿ. ಕಾಲು ಅಗಲ, ಕೈ ಎದಿ ಮ್ಯಾಲೆ. ಯಾರು ಬಂದು ಬಡದ್ರೂ ಸರೀಬಾರ್ದು."

"ಎಷ್ಟೊತ್ತು ನಿಂದ್ರಬೇಕ್ರಿ?"

"ಇಸ್ಕೊಂಡಾಕಿ ದಾಟಿ ಹೋಗೋ ತನ."

ಅಟ್ಟಿಸಿಕೊಂಡು ಹೋಗಲು ಒಬ್ಬರು ಬೇಕಿತ್ತು. ಭೀಮೇಶ್ ಸರ್ ನಗುತ್ತಾ ಒಪ್ಪಿಕೊಂಡರು, ಲುಂಗಿಯಲ್ಲ, ಟ್ರ್ಯಾಕ್ ಪ್ಯಾಂಟು ಹಾಕಿದ್ದರು ಸದ್ಯ. ಭಾಗ್ಯ ಚೆಂಡು ಪುಟಿಸುತ್ತಾ ಭೂಮಿಕಾಳ ಹತ್ತಿರ ಹೋಗಿ, ಕೈಯಲ್ಲಿಟ್ಟು, ಖೋ ಅಂದು, ನಿಂತಳು. ಭೂಮಿಕಾ ಅವಳ ಪಕ್ಕಕ್ಕೆ ಉಜ್ಜಿಕೊಂಡೇ ಓಡಿದಳು. ಸರ್ ಅವಳ ಹಿಂದೆಯೇ ರಭಸದಲ್ಲಿ ಬಂದರು. ಕಣ್ಣು ಭೂಮಿಕಾಳ ಮೇಲೆ. ನೇರ ಭಾಗ್ಯಳಿಗೆ ಢಿಕ್ಕಿ! ಬಿದ್ದದ್ದು ಸರ್. ಭಾಗ್ಯ ಒಂದಿಂಚೂ ಸರಿಯಲಿಲ್ಲ. ಅತ್ತ ಭೂಮಿಕಾ ಒಬ್ಬಳೇ ರಿಂಗಿನ ಕೆಳಗೆ ನಿಂತು ಚೆಂಡು ಹಾಕುತ್ತಿದ್ದಳು.

ಸರ್ ಮಣ್ಣು ಕೊಡವಿಕೊಂಡು ಎದ್ದರು. ಸಿಟ್ಟಾಗುತ್ತಾರೆ ಅಂದುಕೊಂಡೆ.

"ಇದು ಫೌಲ್ ಅಲ್ಲೇನ್ರಿ?"

"ಆಕಿ ಅಲುಗಾಡಿಲ್ರಿ ಸರ್. ನಿಂತಾಕಿಗೆ ನೀವ ಹೋಗಿ ಬಡದ್ರಿ. ತಪ್ಪು ನಿಮ್ಮದ."

"ಅಬ್ಬಬ್ಬಾ," ಅಂದರು. "ಇನ್ನೊಮ್ಮೆ ಮಾಡ್ಸ್ರಿ, ಈ ಸಲ ತಪ್ಪಿಸ್ಕೊಂತೀನಿ." ಮೂರು ಸಲ ಬಿದ್ದರು.

ಹೀಗೆ ಕೈಯಲ್ಲಿ ಕೊಟ್ಟು ಅಡ್ಡ ನಿಲ್ಲುವುದಕ್ಕೆ ದೊಡ್ಡ ಆಟದಲ್ಲೂ ಹೆಸರಿದೆ, ವಿಡಿಯೋದಲ್ಲಿ ನೋಡಿದ್ದೇನೆ. ನಾನು ಮೂರು ವಾರ ಇವರಿಂದ ಬಿಡಿಸಲು ಹೆಣಗಿದ್ದು ಅದನ್ನೇ. ಅದು ಇವರ ಮೈಯಲ್ಲಿ ಮೊದಲೇ ಇತ್ತು, ಕೂರುವುದೊಂದು ಹೆಚ್ಚಾಗಿತ್ತು ಅಷ್ಟೆ. ಇನ್ನೂ ಏನೇನು ಇದೆಯೋ ಇವರ ಹತ್ತಿರ! ಕುಂಟಾಬಿಲ್ಲೆ ಆಡುವವರಿಗೆ ಒಂಟಿ ಕಾಲಿನ ಸಮತೋಲ ಇರುತ್ತದಲ್ಲ, ಅದನ್ನು ಎಲ್ಲಿ ಹಾಕಬಹುದು?

ಆಗಸ್ಟ್ 9, ಶನಿವಾರ

ಹಡಗಲಿಗೆ ಬೆಳಿಗ್ಗೆ ಆರಕ್ಕೆ ಟೆಂಪೋ, ವಾಪಸ್ಸು ಸಂಜೆ. ಹತ್ತು ಹನ್ನೆರಡು ತಾಸು. ಒಂದೂವರೆ ತಾಸಿಗಿಂತ ಹೆಚ್ಚು ನಾನು ಕೂಸನ್ನು ಬಿಟ್ಟಿದ್ದೇ ಇಲ್ಲ. ಜೊತೆಗೆ ಒಯ್ಯುವುದೆಂದರೆ ಟೆಂಪೋದ ಧೂಳು, ಬಿಸಿಲು. ಒಯ್ದರೆ ಆ ಕಡೆ ತಿರುಗಿ ನೋಡುತ್ತಾ ನಿಲ್ಲುತ್ತೇನೆ, ಅದೂ ಗೊತ್ತಿದೆ. ಹೋಗುವುದಿಲ್ಲ ಅಂತ ಹೇಳಿಬಿಡೋಣ ಅಂತ ಬೆಳಿಗ್ಗೆ ಹೆಡ್ ಮೇಡಂ ನಂಬರು ತೆಗೆದು, ಒತ್ತದೆ ಇಟ್ಟೆ.

ಇವರನ್ನು ಕೇಳಿದರೆ, "ನನ್ನೇನ್ ಕೇಳ್ತಿ, ಅವ್ವನ್ನ ಕೇಳು," ಅಂದರು.

ಅತ್ತೆಯನ್ನು ಕೇಳಲು ನನಗೆ ಯಾಕೋ ಹೆದರಿಕೆ. ನಮ್ಮತ್ತೆ ಉಚ್ಚಂಗೆಮ್ಮ ಅಂದರೆ ಓಣಿಯವರೂ ಸ್ವಲ್ಪ ಹೆದರುತ್ತಾರೆ. ಅಕ್ಕಿ ಆರಿಸುತ್ತಾ ಕೂತಿದ್ದರು. ಹೇಳಿದೆ. ತಲೆ ಎತ್ತದೆ ಕೇಳಿದರು:

"ಒಳಲಿಯಾಗ ಹಾಲು ಕುಡೀತೈತೇನು?"

"ಒಮ್ಮೊಮ್ಮೆ ಕುಡೀತೈತ್ರಿ."

"ರಾಗಿ ಮಣ್ಣಿ?"

"ಗಂಟಲಿಗೆ ಸಿಕ್ಕರ ಅಂತ ನಾ ಇನ್ನಾ ಚಾಲೂ ಮಾಡಿಲ್ರಿ ಅತ್ತಿ."

ಆಗ ತಲೆ ಎತ್ತಿದರು. "ನಿನ್ನ ಗಂಡಗ ಐದ್ ತಿಂಗಳಿಗೆ ತಿನಿಸೀನಿ. ಬದುಕ್ಯಾನಿಲ್ಲ?" ಆಮೇಲೆ ಕೂಸನ್ನು ಇಸಿದುಕೊಂಡರು. ನಾನು ಎಂದಿನಂತೆ ಅಲ್ಲೇ ನಿಂತಿದ್ದೆ. "ಕೊಟ್ಟಿಯಲ್ಲ, ಇನ್ನ ಹೋಗವ್ವ. ಯಾಕ ನಿಂತಿ? ನೀ ನಿಂತ್ರ ಅದು ನಿನ್ನ ಮಾರಿ ನೋಡ್ತೈತಿ, ನನ್ನ ಕೈಯಾಗ ಉಣ್ಣಂಗಿಲ್ಲ."

ಅಡುಗೆ ಮನೆಗೆ ಹೋಗಿ ಗೋಡೆಗೊರಗಿ ಕಿವಿಗೊಟ್ಟೆ. ಮೊದಲು ಅಳು. ಆಮೇಲೆ ಚಮಚದ ಸದ್ದು. ಆಮೇಲೆ ಅತ್ತೆ ಕೂಸಿಗೆ ಬೈಯುವುದು ಕೇಳಿಸಿತು: "ಉಗಳ್ತಿ? ನನಗ ಉಗಳ್ತಿ? ನಿಮ್ಮಪ್ಪನೂ ಹಿಂಗ ಉಗಳ್ತಿದ್ದ."

ಆಗಸ್ಟ್ 12, ಮಂಗಳವಾರ

ಮೂರು ಚಮಚ ಮಣ್ಣಿ. ಇಪ್ಪತ್ತೆರಡು ಖೋ, ಹದಿನಾಲ್ಕು ಬಾಸ್ಕೆಟ್. ಭಾಗ್ಯಳಿಗೆ ನಿಲ್ಲುವುದು ಎಷ್ಟು ರೂಢಿಯಾಗಿದೆ ಅಂದರೆ ಕ್ಲಾಸಿನಲ್ಲೂ ಟೀಚರ್ ಕೂರು ಅಂದರೆ ತಡವಾಗಿ ಕೂರುತ್ತಾಳಂತೆ.

ಆಗಸ್ಟ್ 20, ಬುಧವಾರ

ಸೋತೆವು. ಮೊದಲೇ ಬರೆದುಬಿಡುತ್ತೇನೆ.

ಮೊದಲ ಪಂದ್ಯ ಹರಪನಹಳ್ಳಿಯವರ ಜೊತೆ. ಅವರಲ್ಲಿ ಒಬ್ಬಳು ಉದ್ದನೆಯ ಹುಡುಗಿ, ಕೈ ಎತ್ತಿದರೆ ನಮ್ಮವರಿಗೆ ಆಕಾಶವೇ ಕಾಣಿಸದು. ಇಪ್ಪತ್ತೊಂದಕ್ಕೆ ಎಂಟು. ನಮ್ಮವರು ಖೋ ಅಂದಾಗಲೆಲ್ಲ ಕಟ್ಟೆಯ ಮೇಲೆ ಕೂತ ಮಂದಿ ನಕ್ಕರು. ಹೋದ ವರ್ಷದ ನಗೆಯೇ ಇದು ಅಂತ ಹೆಡ್ ಮೇಡಂ ಮುಖ ನೋಡಿದರೆ ತಿಳಿಯುತ್ತಿತ್ತು.

ಎರಡನೆಯದು ಹಡಗಲಿಯ ಒಂದು ಶಾಲೆಯ ಜೊತೆ. ಇಲ್ಲಿ ನಡೆಯಿತು! ಭಾಗ್ಯ ನಿಂತಳು, ಅವರು ಬಂದು ಬಡಿದರು, ಭೂಮಿಕಾ ಹಾಕಿದಳು. ಮತ್ತೆ, ಮತ್ತೆ. ಅರ್ಧ ಆಟಕ್ಕೆ ನಾವು ಹತ್ತು, ಅವರು ಆರು. ಮಂದಿ ನಗುವುದು ನಿಲ್ಲಿಸಿ ತಾವೇ ಖೋ ಅನ್ನಲು ಶುರುಮಾಡಿದರು. ಆಮೇಲೆ ಅವರ ಕೋಚ್ ಹುಷಾರಾದರು. ಖೋ ಅಂತ ಕೇಳಿಸಿದ ಕೂಡಲೇ ಇಬ್ಬರು ಇಸಿದುಕೊಳ್ಳುವವಳ ಮೇಲೆ ಬೀಳತೊಡಗಿದರು. ಕೊನೆಗೆ ಹದಿಮೂರು, ಹನ್ನೆರಡು, ಅವರು ಮುಂದೆ. ಉಳಿದದ್ದು ಅರ್ಧ ನಿಮಿಷ. ಟೈಮ್ ಔಟ್ ಕೇಳಿದೆ.

"ಖೋ ಅನ್ರಿ. ಆದ್ರ ಕೊಡಬ್ಯಾಡ್ರಿ," ಅಂದೆ.

ಐದೂ ಹುಡುಗಿಯರು ನಾನು ಏನೋ ಹೊಲಸು ಮಾತಾಡಿದ ಹಾಗೆ ನೋಡಿದರು.

"ಸುಳ್ಳು ಖೋ ಹೇಳಬಾರ್ದ್ರಿ ಟೀಚರ್," ಭಾಗ್ಯ ಅಂದಳು. "ಫೌಲ್ ಆಗತೈತಿ."

"ಇಲ್ಲಿ ಆಗಂಗಿಲ್ಲ."

"ಭೀಮೇಶ್ ಸರ್ ಬೈತಾರ್ರಿ."

ಹಿಂದಿನಿಂದ ಭೀಮೇಶ್ ಸರ್, "ಹೇಳಲೇ ಹುಡುಗಿ, ಹೇಳು! ಇವತ್ತೊಂದಿನ ನಾ ಕಿವಿ ಮುಚ್ಕೊಂತೀನಿ," ಅಂದರು.

ಭಾಗ್ಯ ಚೆಂಡು ಪುಟಿಸುತ್ತಾ ಹೋದಳು. ಭೂಮಿಕಾಳ ಹತ್ತಿರ ಬಂದು ಇಡೀ ಹಡಗಲಿಗೆ ಕೇಳುವಂತೆ ಖೋ ಅಂದಳು. ಭೂಮಿಕಾ ಬರಿಗೈ ಹೊಟ್ಟೆಗೊತ್ತಿಕೊಂಡು ಓಡಿದಳು, ಆ ಇಬ್ಬರು, ಮೂರನೆಯವಳೂ ಸೇರಿ, ಅವಳ ಹಿಂದೆ! ಭಾಗ್ಯಳ ಮುಂದೆ ಯಾರೂ ಇರಲಿಲ್ಲ. ನಾಚಿಕೆಯ ಹುಡುಗಿ, ಎಂದೂ ರಿಂಗಿನ ತನಕ ಹೋದವಳಲ್ಲ. ಹೋದಳು. ನಿಂತಳು. ಹಾಕಿದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ತಿರುಗಿ ಹೊರಗೆ ಬಿತ್ತು. ಸೀಟಿ ಊದಿದರು.

ನಾನು ಯಾಕೆ ಅವಳಿಗೆ ಒಂದು ದಿನವೂ ಚೆಂಡು ಹಾಕುವುದನ್ನು ಕಲಿಸಲಿಲ್ಲ? ನಿಲ್ಲುವವಳು ಅಂತ ತಿಳಿದು ನಿಲ್ಲಿಸಿಬಿಟ್ಟೆ. ತಪ್ಪು ನನ್ನದು. ಅವಳ ಹತ್ತಿರ ಹೋಗಿ ಅದನ್ನೇ ಹೇಳಿದೆ. "ಸುಳ್ಳು ಹೇಳಿದ್ದಕ್ಕ ಬೀಳಲಿಲ್ರಿ," ಅಂದಳು, ಅಳುತ್ತಾ.

ಹೆಡ್ ಮೇಡಂ, "ಚಲೋ ಆಡಿದ್ರು. ಆದ್ರ ಗೆಲ್ಲಲಿಲ್ಲ," ಅಂದರು. ಥ್ರೋಬಾಲಿನ ಮಾತು ಮತ್ತೆ ಎತ್ತಬೇಕಾಗಿಯೇ ಇರಲಿಲ್ಲ.

ಟೆಂಪೋ ಹತ್ತುವಾಗ ಚೀಲದಿಂದ ಫೋನ್ ತೆಗೆದೆ. ಅತ್ತೆಯ ನಂಬರಿನಿಂದ ಏಳು ಮಿಸ್ಡ್ ಕಾಲ್. ಎರಡು ಸಲ ತಪ್ಪು ಒತ್ತಿದೆ, ಆಮೇಲೆ ಭೂಮಿಕಾಳೇ ಹಚ್ಚಿಕೊಟ್ಟಳು.

"ಅತ್ತಿ, ಕೂಸು? ಕೂಸಿಗೆ ಏನಾತ್ರಿ?"

"ಕೂಸಿಗೇನ್ ಆಗತೈತಿ? ಉಂಡು ಮಲಗೇತಿ. ಆಟ ಏನಾತು? ಮುಂಜಾನಿಂದ ಹಚ್ಚಾಕತ್ತೀನಿ, ಎತ್ತವಲ್ಲಿ. ಓಣಿ ಮಂದಿಗೆಲ್ಲ ಹೇಳಿ ಕುಂತೀನಿ ನಾ."

"ಸೋತಿವ್ರಿ. ಒಂದು ಪಾಯಿಂಟಿನ್ಯಾಗ."

"ಒಂದ?" ಅಂದರು. "ಒಂದು ಅಂದ್ರ ಸೋಲೇನು, ಬಿಡು. ಹುಡುಗ್ಯಾರಿಗೆ ಏನರ ತಿನ್ನಾಕ ಕೊಡಸು."

ಕೊಟ್ಟೂರಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸಿದೆ. ತಿಂದು ಮುಗಿಯುವ ಮೊದಲೇ ಎಲ್ಲರೂ ಒಮ್ಮೆಲೇ ಮಾತಾಡಿದರು.

ಆಗಸ್ಟ್ 21, ಗುರುವಾರ

ಅಭ್ಯಾಸಕ್ಕೆ ಕೊಟ್ಟಿದ್ದ ಸೀಟಿಯನ್ನು ಕೊರಳಿಂದ ಬಿಚ್ಚಿ, ವಾಪಸ್ಸು ಕೊಡಲು ಶಾಲೆಗೆ ಹೋದೆ. ಅಂಗಳದಲ್ಲಿ ಭೀಮೇಶ್ ಸರ್ ಕೈಯಲ್ಲಿ ಥ್ರೋಬಾಲಿನ ಪಟ್ಟಿ. ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಹನ್ನೊಂದೂ ಜನ ರಿಂಗಿನ ಕೆಳಗೆ, ಕಾಲು ಅಗಲ ಮಾಡಿ, ಕೈ ಎದೆಯ ಮೇಲಿಟ್ಟು ನಿಂತಿದ್ದರು. ಕರೆದರೆ ಬರಲೊಲ್ಲರು. ಅಳುವುದಿಲ್ಲ, ಜಗಳವಿಲ್ಲ, ಸುಮ್ಮನೆ ನಿಂತಿದ್ದಾರೆ. ಎಲ್ಲರ ಮುಂದೆ ಭಾಗ್ಯ.

ಹೆಡ್ ಮೇಡಂ ಹೊರಗೆ ಬಂದರು. "ಎಳಕೊಂಡು ಬರ್ರಿ ಸರ್, ಏನ್ ನೋಡ್ತೀರಿ?"

"ಮೇಡಂ, ಆ ಹುಡುಗಿಗೆ ಬಡದು ಮೂರು ಸಲ ಬಿದ್ದೀನಿ," ಅಂದರು ಸರ್. "ನೀವ ಬೇಕಾದ್ರ ನೋಡ್ರಿ."

ಮೇಡಂ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ನನ್ನ ಕೈಯಲ್ಲಿದ್ದ ಸೀಟಿ ನೋಡಿ, "ಅದನ್ಯಾಕ ಬಿಚ್ಚೀರಿ? ಡಿಸೆಂಬರಿನ್ಯಾಗ ಕೊಟ್ಟೂರಿನ್ಯಾಗ ಇನ್ನೊಂದು ಪಂದ್ಯ ಐತಿ. ಅಲ್ಲೀತನ ನೋಡ್ರಿ," ಅಂದು ಒಳಗೆ ಹೋದರು. ಹುಡುಗಿಯರು ಆಗಲೂ ಅಲುಗಲಿಲ್ಲ. ನಾನೇ ಹೋಗಿ, ಸಾಕು, ಇನ್ನ ಓಡಾಡ್ರಿ ಅನ್ನಬೇಕಾಯಿತು. ಇವತ್ತು ಪೂರಾ ಹೊತ್ತು ಭಾಗ್ಯಳಿಂದ ಚೆಂಡು ಹಾಕಿಸಿದೆ. ಐವತ್ತಕ್ಕೆ ಒಂಬತ್ತು.

ಮನೆಗೆ ಬಂದಾಗ ಆರೂ ಕಾಲು. ಕೂಸು ತೊಟ್ಟಿಲಲ್ಲಿ ಮಲಗಿತ್ತು. ಕೈಕಾಲು ತೊಳೆದು ಚಹಾಕ್ಕಿಟ್ಟೆ.

ಅತ್ತೆ ಲೋಟ ತಂದರು. ಚಹಾ ಸೋಸುವುದರೊಳಗೆ ಕೇಳಿದರು, ಆ ಹರಪನಹಳ್ಳಿ ಉದ್ದನೆ ಹುಡುಗಿ ಎಲ್ಲಿ ನಿಂತಿದ್ದಳು ಅಂತ. ನೆಲದ ಮೇಲೆ ಲೋಟಗಳನ್ನಿಟ್ಟು ತೋರಿಸಿದೆ. ಹಿತ್ತಾಳೆ ಚೊಂಬು ಅವಳು. ಸುತ್ತ ನಮ್ಮ ನಾಲ್ಕು ಸ್ಟೀಲ್ ಲೋಟ, ಮೂಲೆಯಲ್ಲಿ ಐದನೆಯದು. ಅತ್ತೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಡಿಸೆಂಬರಿನ್ಯಾಗ ಈಕೀನ ಹೆಂಗ ತಡೀತಿ?"

"ಗೊತ್ತಿಲ್ರಿ ಅತ್ತಿ."

"ಗೊತ್ತಿಲ್ಲ ಅಂದ್ರ? ಕಲಿಸಾಕಿ ನೀನೋ ನಾನೋ?" ಅಂದು, ಮೂಲೆಯ ಒಂದು ಲೋಟದ ಮೇಲೆ ಬೆರಳಿಟ್ಟರು. "ಎಲ್ಲಾರೂ ಚೊಂಬಿನ ಸುತ್ತ ಓಡ್ಯಾಡಾಕತ್ತಾರ. ಈಕಿ ಇಲ್ಲಿ ಒಬ್ಬಾಕೀನ ಎದಕ್ಕ ನಿಂತಾಳ?"

ನಾನು ಬಗ್ಗಿ ನೋಡಿದೆ. ಹೌದಲ್ಲ, ಎದಕ್ಕೆ ನಿಂತಿದ್ದಾಳೆ?